ಓದಾಕ ಅಂತ ಹೇಳು ಮಾವಾ

ಹಳ್ಳಿಮನೆಗೆ ಕಂಪ್ಯೂಟರ್ ಬರೋದು ಯಾವಾಗಲೂ ಒಂದೇ ಹೆಸರಿನಲ್ಲಿ: ಓದು. ಅದರಲ್ಲಿ ಆಟವೂ ನಡೆಯುತ್ತೆ ಅಂತ ಅಂಗಡಿಯವನಿಗೂ ಗೊತ್ತು, ಹುಡುಗನಿಗೂ ಗೊತ್ತು, ರೊಕ್ಕ ಕೊಡೋ ಅಪ್ಪ-ಅವ್ವನಿಗೂ ಒಳಗೊಳಗೇ ಗೊತ್ತು. ಆದರೂ ಯಾರೂ ಬಾಯಿ ಬಿಡೋದಿಲ್ಲ. ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿರೋ ನಮ್ಮಕ್ಕನ ಮಗ, ಪಿಯುಸಿ ಹುಡುಗ, ಫೋನ್ ಮಾಡಿ ಕೇಳಿದ್ದೂ ಇದನ್ನೇ. "ಮಾವಾ, ಸಣ್ಣದೊಂದು ಕಂಪ್ಯೂಟರ್ ಮಾಡಿಕೊಡು. ನಾಕೈದು ಗೇಮ್ ಓಡಿದ್ರ ಸಾಕು. ಅವ್ವಗ ಮಾತ್ರ ಓದಾಕ ಅಂತ ಹೇಳು."

ಆ ಕೊನೆಯ ಮಾತು ತಲೆಯಲ್ಲೇ ಉಳೀತು. ಬೆಂಗಳೂರಿನಲ್ಲಿ ನಾನಿರೋ ಕಟ್ಟಡದಲ್ಲೇ ಲಕ್ಷ ರೂಪಾಯಿಯ ಗೇಮಿಂಗ್ ಪಿಸಿ ಇಟ್ಟುಕೊಂಡ ಹುಡುಗರಿದ್ದಾರೆ. ಅದು ಯಾಕೆ ಅಂತ ಅವರನ್ನು ಯಾರೂ ಕೇಳಲ್ಲ. ಆಟಕ್ಕೆ, ಮತ್ತೇನು? ರೊಕ್ಕ ಕಡಿಮೆ ಇರೋ ಮನೆಯಲ್ಲಿ ಮಾತ್ರ ಪ್ರತಿಯೊಂದು ವಸ್ತುವೂ ತನ್ನ ಉಪಯೋಗದ ಸರ್ಟಿಫಿಕೇಟ್ ತೋರಿಸಿಯೇ ಹೊಸ್ತಿಲು ದಾಟಬೇಕು. ಇದ್ಯಾವ ನ್ಯಾಯ? ನಮ್ಮ ಹಳೇ ಗುಡಿಗಳ ಕಲ್ಲುಹಾಸಿನ ಮೇಲೆ ಹುಲಿಕಟ್ಟೆಯ, ಚೌಕಾಬಾರದ ಗೆರೆ ಕೊರೆದಿರೋದನ್ನು ನೀವೂ ನೋಡಿರ್ತೀರಿ. ಹೊಟ್ಟೆ ತುಂಬಿದವರೇ ಅವನ್ನು ಕೊರೆದರು ಅಂತ ನನಗನ್ನಿಸಲ್ಲ. ಡಚ್ ಇತಿಹಾಸಕಾರ ಯೋಹಾನ್ ಹೈಜಿಂಗ 1938ರಲ್ಲಿ ಆಟದ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದ. ಸಂಸ್ಕೃತಿಗಿಂತ ಆಟವೇ ಹಳೆಯದು ಅನ್ನೋದು ಅವನ ವಾದ. ನಾಯಿಮರಿಗಳನ್ನು ನೋಡಿದವರಿಗೆ ಪುಸ್ತಕವೂ ಬೇಕಿಲ್ಲ ಬಿಡಿ.

ಆದರೆ ಇಷ್ಟು ಹೇಳಿ ಗೆದ್ದೆ ಅನ್ನೋ ಹಾಗಿಲ್ಲ. ರೊಕ್ಕ ಎಲ್ಲಿಂದ ಬಂತು ಅಂತಲೂ ನೋಡಬೇಕಲ್ಲ. ರಾಣೇಬೆನ್ನೂರು ಕಡೆ ಬೀಜೋತ್ಪಾದನೆ ದೊಡ್ಡ ಕಸುಬು. ಹೈಬ್ರಿಡ್ ಹತ್ತಿಯ ಹೊಲದಲ್ಲಿ ಸಂಜೆ ಒಂದೊಂದೇ ಮೊಗ್ಗು ಬಿಡಿಸಿ ಅದರ ಗಂಡು ಭಾಗ ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಅದೇ ಹೂವಿಗೆ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಎಲ್ಲಾ ಕೈಕೆಲಸ. ಅಕ್ಕ ಕೂಡಿಟ್ಟ 20 ಸಾವಿರ ಆ ಬೆರಳುಗಳಿಂದ ಬಂದದ್ದು. ಅದರ ಮುಂದೆ "ಓದಾಕ" ಅಂದುಬಿಟ್ಟರೆ ತನ್ನ ದುಡಿಮೆ ಯಾವುದಕ್ಕೆ ಹೋಯಿತು ಅನ್ನೋದೇ ಅವಳಿಗೆ ತಿಳಿಯದೆ ಉಳಿಯುತ್ತೆ. ಆಟಕ್ಕೆ ಹಕ್ಕಿದೆ ಅನ್ನೋದಾದರೆ, ಬೇಡ ಅನ್ನೋ ಹಕ್ಕೂ ಅವಳಿಗಿರಬೇಕು.

ಹಾಗಾಗಿ ನೇರವಾಗಿಯೇ ಹೇಳಿದೆ. "ಅಕ್ಕಾ, ಅದು ಓದಾಕೂ ಬರ್ತೈತಿ. ಆದ್ರ ಅವ ಕೇಳೋದು ಆಡಾಕ." ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಆಡ್ಲಿ ಬಿಡು ತಮ್ಮಾ. ಆದ್ರ ಅವರಜ್ಜನ ನಿದ್ದಿ ಕೆಡಬಾರದು ನೋಡು."

ಅಜ್ಜ ಮಲಗೋದು ಪಡಸಾಲೆಯಲ್ಲಿ. ಟಿವಿ ಇರೋದೂ ಅಲ್ಲೇ, ಮತ್ತು ರೊಕ್ಕ ಉಳಿಸೋಕೆ ಅದನ್ನೇ ಪರದೆ ಮಾಡಬೇಕಿತ್ತು. ಹೀಗಾಗಿ ಅಕ್ಕನ ಷರತ್ತೇ ಯಂತ್ರ ಹೇಗಿರಬೇಕು ಅಂತ ತೀರ್ಮಾನಿಸಿತು. ಆಫೀಸುಗಳಿಂದ ಹೊರಬಿದ್ದ, ಸುಮಾರು ಒಂದು ಲೀಟರ್ ಗಾತ್ರದ ಸಣ್ಣ ಪೆಟ್ಟಿಗೆ ಕಂಪ್ಯೂಟರ್‌ಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು; ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೇ ಚಿಪ್ಪುಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪಲ್ಲ. ಗಟ್ಟಿಮುಟ್ಟಾದ ಯಂತ್ರಗಳು ಈ ಒಂದು ಕಾರಣಕ್ಕೆ ಗುಜರಿ ಸೇರೋದು ನೋಡಿದರೆ ಸಿಟ್ಟು ಬರುತ್ತೆ, ಇರ್ಲಿ. ನಾನು ಆರಿಸಿದ್ದು ಎಂಟನೇ ತಲೆಮಾರಿನದೇ, ಐ5-8400ಟಿ. 35 ವಾಟ್‌ನ ಚಿಪ್, ಕಡಿಮೆ ಬಿಸಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಚಿಪ್ಪಿನೊಳಗಿನ ಗ್ರಾಫಿಕ್ಸ್ ರ್‍ಯಾಮನ್ನೇ ಹಂಚಿಕೊಳ್ಳೋದರಿಂದ 16 ಜಿಬಿಯದು ಒಂದೇ ಹಾಕೋ ಬದಲು 8 ಜಿಬಿಯವು ಎರಡು ಹಾಕಿದೆ, ಆಗ ಆಟ ಸರಾಗ. ತಿರುಗೋ ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ. ಫ್ಯಾನ್ ಬಿಚ್ಚಿ ಧೂಳು ತೆಗೆದು, ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದೆ. ಗೋವಿನಜೋಳದ ರಾಶಿ ಮಾಡೋ ದಿನಗಳಲ್ಲಿ ಊರಿನ ಗಾಳಿ ತುಂಬಾ ಹೊಟ್ಟು, ಧೂಳು. ವರ್ಷಕ್ಕೊಮ್ಮೆಯಾದರೂ ಹೀಗೆ ಬಿಚ್ಚಲೇಬೇಕು, ಇಲ್ಲಾಂದರೆ ಫ್ಯಾನ್ ಕೂಗೋಕೆ ಶುರು ಮಾಡುತ್ತೆ. ಆಟದ ವೇಗವನ್ನು ಸೆಕೆಂಡಿಗೆ 30 ಫ್ರೇಮಿಗೆ ಕಟ್ಟಿಹಾಕಿದೆ, ಫ್ಯಾನಿಗೆ ಅವಸರವೇ ಇಲ್ಲ.

2002ರ ಜಿಟಿಎ ವೈಸ್ ಸಿಟಿ ಆರಾಮಾಗಿ ಓಡುತ್ತೆ, ಮೈನ್‌ಕ್ರಾಫ್ಟ್ ಸೆಟ್ಟಿಂಗ್ ಇಳಿಸಿದರೆ ಓಡುತ್ತೆ. ಹೊಸ ದೊಡ್ಡ ಆಟಗಳು ಇಲ್ಲ. ಟಕಟಕ ಅನ್ನೋ ಮೆಕ್ಯಾನಿಕಲ್ ಕೀಬೋರ್ಡ್ ಬೇಕು ಅಂತ ಅಳಿಯ ಹಟ ಹಿಡಿದ. "ಅಜ್ಜನ ಕಿವಿ ಹತ್ರ ಯಾರಾದ್ರೂ ಕಡ್ಲಿ ಹುರೀತಾರೇನೋ?" ಅಂದೆ. ರಬ್ಬರ್ ಗುಂಡಿಯ ಸಾದಾ ಕೀಬೋರ್ಡಿಗೆ ಒಪ್ಪಿದ, ಜೊತೆಗೊಂದು ಹೆಡ್‌ಫೋನ್.

ಒಂದು ಮಾತು ಮಾತ್ರ ಇನ್ನೂ ಕೊರೀತಾ ಇದೆ. ಚಿಕ್ಕವರಿದ್ದಾಗ ಚೌಕಾಬಾರದಲ್ಲಿ ಅಕ್ಕನನ್ನು ಸೋಲಿಸಿದವರೇ ಇರಲಿಲ್ಲ. "ನೀನೂ ಏನಾರ ಆಡು" ಅಂದಿದ್ದಕ್ಕೆ, "ನನಗೆಲ್ಲಿ ಹೊತ್ತೈತೋ" ಅಂದಳು. 20 ಸಾವಿರಕ್ಕೆ ಮಗನ ಆಟ ಬಂತು, ಅವಳ ಹೊತ್ತು ಬರಲಿಲ್ಲ. ಆದರೆ ಅಕ್ಕ ನನಗಿಂತ ಜಾಣೆ, ತಾನೇ ಒಂದು ಕರಾರು ಹಾಕಿದ್ದಾಳೆ: ಸಂಜೆ ನೀರು ತುಂಬಿಸಿ, ದನಕ್ಕೆ ಮೇವು ಹಾಕಿದ ಮೇಲೆಯೇ ಅವನು ಸ್ವಿಚ್ ಒತ್ತಬೇಕು. ಅವನು ಆ ಕೆಲಸ ಮಾಡೋ ಅರ್ಧ ಗಂಟೆ ಅವಳು ಕಟ್ಟೆ ಮೇಲೆ ಕೂತಿರ್ತಾಳಂತೆ, ಸುಮ್ಮನೆ.