ಕೀಟಮಲದ ಬಣ್ಣವೂ ವ್ರತಿಯ ವಸ್ತ್ರವೂ

ದಶಲಕ್ಷಣ ಪರ್ವದಲ್ಲಿ ಉಪವಾಸವಿರುವ ಶ್ರಾವಕನು ನೀರನ್ನೂ ಸೋಸಿ ಕುಡಿಯುತ್ತಾನೆ. ಮೈಮೇಲಿನ ಬಟ್ಟೆಯ ಬಣ್ಣವು ಯಾವ ಜೀವದಿಂದ ಬಂದಿತೆಂದು ವಿಚಾರಿಸುವವರು ವಿರಳ. ನೈಸರ್ಗಿಕ ಬಣ್ಣವೆಂದೊಡನೆ ಅದು ನಿರ್ದೋಷವೆಂದು ನಂಬುವವರೇ ಹೆಚ್ಚು.

ಅರಗಿನ ಕೆಂಪನ್ನು ನೋಡಬಹುದು. ಮುತ್ತುಗ, ಎಲಚಿ ಮೊದಲಾದ ಮರಗಳ ರೆಂಬೆಗೆ ಅಂಟಿ ರಸ ಹೀರುವ ಕೀಟಗಳು ತಮ್ಮ ಸುತ್ತ ಸ್ರವಿಸುವ ರಾಳವೇ ಅರಗು. ಅದು ಕೀಟವು ಹೊರಹಾಕಿದ ಮಲಮಾತ್ರ, ಬಣ್ಣಕ್ಕೆ ದೋಷವಿಲ್ಲವೆಂದು ಸಮಾಧಾನ ಹೇಳುವುದುಂಟು. ಆದರೆ ಕೆಂಪು ಇರುವುದು ಮುಖ್ಯವಾಗಿ ರಾಳದೊಳಗೆ ಸೆರೆಯಾದ ಹೆಣ್ಣುಕೀಟದ ದೇಹದಲ್ಲಿ. ಕಡ್ಡಿಯಿಂದ ಅರಗನ್ನು ಕೆರೆದು, ಜಜ್ಜಿ, ನೀರಿನಲ್ಲಿ ತೊಳೆದಾಗ ಇಳಿಯುವ ಬಣ್ಣ ಅದೇ. ಪಂಡಿತ ಆಶಾಧರರು 13ನೆಯ ಶತಮಾನದ ‘ಸಾಗಾರಧರ್ಮಾಮೃತ’ದಲ್ಲಿ ಖರಕರ್ಮಗಳನ್ನು ಚರ್ಚಿಸುವಾಗ ಲಾಕ್ಷಾವಾಣಿಜ್ಯವನ್ನು ಹೆಸರಿಸಿರುವುದು ಅಕಾರಣವಲ್ಲ. ಪೆರು, ಮೆಕ್ಸಿಕೊಗಳ ಕೊಚಿನೀಲ್ ಕೆಂಪಿನಲ್ಲಂತೂ ಮಲದ ಮಾತೇ ಇಲ್ಲ. ಒಣಗಿಸಿದ ಸುಮಾರು 70,000 ಕೀಟಗಳು ಸೇರಿದರೆ ಒಂದು ಪೌಂಡು.

ನಿಜವಾಗಿ ಕೀಟಮಲದಿಂದ ಬರುವುದು ರೇಷ್ಮೆಹುಳುವಿನ ಹಿಕ್ಕೆಯ ಬಣ್ಣ. ಹುಳು ತಿಂದ ಹಿಪ್ಪುನೇರಳೆ ಸೊಪ್ಪಿನ ಪತ್ರಹರಿತ್ತು ಬಹುಮಟ್ಟಿಗೆ ಹಿಕ್ಕೆಯಲ್ಲಿಯೇ ಉಳಿಯುತ್ತದೆ. ಅದನ್ನು ಮದ್ಯಸಾರದಂತಹ ದ್ರಾವಕದಲ್ಲಿ ಇಳಿಸಿ, ತಾಮ್ರದ ಲವಣ ಸೇರಿಸಿ ಸ್ಥಿರವಾದ ಹಸಿರನ್ನು ಪಡೆಯುತ್ತಾರೆ. ಇಲ್ಲಿ ವಿಚಾರ ಸುಲಭವಲ್ಲ.

ಮಲವೆಂಬ ಕಾರಣದಿಂದಲೇ ಅದು ತ್ಯಾಜ್ಯವೆನ್ನಲಾಗದು. ಅಕಲಂಕದೇವರು ‘ರಾಜವಾರ್ತಿಕ’ದಲ್ಲಿ ಲೌಕಿಕ ಶುಚಿಯ ಎಂಟು ಬಗೆಗಳಲ್ಲಿ ಗೋಮಯವನ್ನೂ ಎಣಿಸಿದ್ದಾರೆ. ತಾನಾಗಿ ಸತ್ತ ಪ್ರಾಣಿಯ ಮಾಂಸದಲ್ಲಿಯೂ ಹಿಂಸೆಯುಂಟೆಂದು ಅಮೃತಚಂದ್ರ ಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಹೇಳಿದ್ದು ಅದರಲ್ಲಿ ಹುಟ್ಟುವ ನಿಗೋದ ಜೀವಗಳನ್ನು ಕುರಿತು, ಒಣಗಿದ ಹಿಕ್ಕೆಗೆ ಆ ಮಾತನ್ನು ನೇರವಾಗಿ ಹೊಂದಿಸಬಾರದು. ತೇವದಲ್ಲಿ ಕೊಳೆತ ರಾಶಿಯಾದರೆ ಜೀವೋತ್ಪತ್ತಿ ನಿಶ್ಚಿತ, ಆ ಮಾತು ಬೇರೆ.

ಹಿಕ್ಕೆ ಹಾಕುವಾಗ ಹುಳುವಿನ ಪ್ರಾಣಕ್ಕೆ ಬಾಧೆಯಿಲ್ಲ. ಆದರೆ ಸುಮಾರು 25 ದಿನ ಸೊಪ್ಪು ತಿಂದು ಗೂಡು ಕಟ್ಟಿದ ಅದೇ ಹುಳು ಹಬೆಯಲ್ಲಿಯೋ ಬಿಸಿಗಾಳಿಯಲ್ಲಿಯೋ ಸಾಯುತ್ತದೆ. ಹಿಕ್ಕೆಗೆ ಕೊಟ್ಟ ಹಣವೂ ಆ ಸಾಕಣೆಗೇ ಸೇರುವುದರಿಂದ ಕೃತ, ಕಾರಿತಗಳಿಲ್ಲದಿದ್ದರೂ ಅನುಮೋದನೆಯ ಪ್ರಶ್ನೆ ಉಳಿಯುತ್ತದೆ. ನಮ್ಮ ನಾಡಿನ ರೇಷ್ಮೆ ಬೆಳೆಗಾರರು ಹಿಕ್ಕೆಯನ್ನು ಗೊಬ್ಬರವಾಗಿ ತೋಟಕ್ಕೇ ಹಾಕುವುದುಂಟು. ಕೊಳ್ಳುವವರಿಲ್ಲದಿದ್ದರೂ ಸಾಕಣೆ ನಿಲ್ಲದು ಎಂಬ ವಾದವೂ ಸುಳ್ಳಲ್ಲ. ಆದರೆ ಈ ವಾದವನ್ನು ರೇಷ್ಮೆಗೇ ಹೂಡಿದರೆ? ಒಬ್ಬನು ಬಿಟ್ಟರೆ ಅದೂ ನಿಲ್ಲದು. ಪಟ್ಟೆಮಡಿಯುಟ್ಟು ಅಭಿಷೇಕಕ್ಕೆ ನಿಲ್ಲುವವರು ಹಿಕ್ಕೆಯ ಬಣ್ಣಕ್ಕೆ ಮೂಗು ಮುರಿದರೆ ಅದು ವಿವೇಕವಲ್ಲ. ಮೊದಲು ಬಿಡತಕ್ಕದ್ದು ಪಟ್ಟೆ.

ಆದುದರಿಂದ ಅರಗು, ಕೊಚಿನೀಲ್‌ಗಳ ಬಣ್ಣ ಅಣುವ್ರತಿಗೆ ಸರ್ವಥಾ ವರ್ಜ್ಯ. ಹಿಕ್ಕೆಯ ಹಸಿರನ್ನು ಆ ಸಾಲಿನಲ್ಲಿರಿಸಲಾಗದು. ಆದರೂ ಭೋಗೋಪಭೋಗ ಪರಿಮಾಣ ಮಾಡಿಕೊಂಡವರು ಪರ್ವದ ದಿನಗಳ ಮಟ್ಟಿಗಾದರೂ ಅದನ್ನು ಬಿಡುವುದು ಉಚಿತ. ಬಿಳಿಯ ಹತ್ತಿಬಟ್ಟೆಗೆ ಕೊರತೆಯಿಲ್ಲ. ಬಣ್ಣವೇ ಬೇಕೆಂದರೆ, ಅಂಗಡಿಯವನು ‘ನೈಸರ್ಗಿಕ’ವೆಂದ ಕೆಂಪು ಮಂಜಿಷ್ಠದ ಬೇರಿನದೋ ಅರಗಿನದೋ ಎಂದು ಕೇಳಿಯೇ ಕೊಳ್ಳಬೇಕು.