ಹರಿತ ಯಾರದು?

ಜಪಾನಿನ ಕೈಕೆಲಸದ ತರಕಾರಿ ಚಾಕು ಕೊಂಡವರ ಮನೆಗೆ ಹೋದರೆ ಒಂದು ಮಾತು ಕೇಳಿಯೇ ಕೇಳ್ತೀರಿ: "ಎಂಥಾ ಹರಿತ ಅಂತೀರಿ! ಟೊಮೆಟೊ ಮೇಲೆ ಇಟ್ಟರೆ ಸಾಕು, ತಾನೇ ಇಳಿಯುತ್ತೆ." ಮಾತು ನಿಜ. ಆದರೆ ಆ ಹರಿತ ಯಾರದು? ದುಡ್ಡು ಕೊಟ್ಟವರದಾ, ಮಾಡಿದವರದಾ? ಪ್ರಶ್ನೆ ತಲೆಹರಟೆ ಅನ್ನಿಸಬಹುದು. ಚಾಕುವಿನ ಬೆನ್ನು ಹತ್ತಿ ಹೋದರೆ ಉತ್ತರ ಅಷ್ಟು ಸುಲಭವಾಗಿ ಸಿಗೋದಿಲ್ಲ.

ಒಸಾಕಾ ನಗರದ ಪಕ್ಕದಲ್ಲಿ ಸಕಾಯ್ ಅಂತ ಊರಿದೆ. ಪೋರ್ಚುಗೀಸರು ತಂದ ತಂಬಾಕು ಜಪಾನಿನಲ್ಲಿ ಬೇರೂರಿದ ಮೇಲೆ, ಅದರ ಎಲೆ ಹೆಚ್ಚುವ ಚಾಕುಗಳಿಂದ ಈ ಊರು ಹೆಸರು ಮಾಡಿತು. ಇಲ್ಲಿ ಒಬ್ಬನೇ ಕೂತು ಪೂರ್ತಿ ಚಾಕು ಮಾಡುವ ರೂಢಿಯಿಲ್ಲ. ಕಮ್ಮಾರ ಮೆದು ಕಬ್ಬಿಣಕ್ಕೆ ಗಟ್ಟಿ ಉಕ್ಕನ್ನು ಬೆಸೆದು, ಬಡಿದು, ಕಾಯಿಸಿ, ಹದ ಕೊಡ್ತಾನೆ. ಅವನ ಕೈಯಿಂದ ಹೊರಟಾಗ ಅದು ಚಾಕುವಿನ ಆಕಾರದ ಮೊಂಡು ಲೋಹ ಅಷ್ಟೇ. ಸಾಣೆ ಹಿಡಿಯುವವನು ಬೇರೆ. ಅಂಚು ಹುಟ್ಟುವುದು ಅವನಲ್ಲಿ. ಮರದ ಹಿಡಿ ಕೂರಿಸುವವನು ಇನ್ನೊಬ್ಬ. ಇಷ್ಟೆಲ್ಲ ಆದ ಮೇಲೆ ಅಲಗಿನ ಮೇಲೆ ಬಹಳ ಸಲ ಕೆತ್ತುತ್ತಿದ್ದದ್ದು ಈ ಮೂವರಲ್ಲಿ ಯಾರ ಹೆಸರೂ ಅಲ್ಲ, ಚಾಕು ಮಾರುವ ಸಗಟು ವ್ಯಾಪಾರಿಯ ಹೆಸರು! ಕುಶಲಕರ್ಮಿಗಳ ಹೆಸರನ್ನೂ ಹೇಳಿ ಮಾರುವುದು ಈಚೆಗೆ ಹೆಚ್ಚಾಗಿದೆ.

ಜಪಾನಿ ಭಾಷೆಯಲ್ಲಿ ಅಡುಗೆ ಚಾಕುವಿಗೆ 'ಹೋಚೋ' ಅಂತಾರೆ. ಆ ಪದದ ಬೇರು ಚೀನಾದ ಪ್ರಾಚೀನ ಗ್ರಂಥ 'ಚುವಾಂಗ್‌ತ್ಸು'ವಿನ ಒಂದು ಕಥೆಯಲ್ಲಿದೆ. ಅಲ್ಲಿ ಡಿಂಗ್ ಅನ್ನುವ ಬಾಣಸಿಗ ದೊರೆಯ ಮುಂದೆ ಎತ್ತು ಕೊಯ್ದು ತೋರಿಸ್ತಾನೆ. ಸಾಧಾರಣ ಬಾಣಸಿಗ ತಿಂಗಳಿಗೊಂದು ಚಾಕು ಬದಲಿಸ್ತಾನೆ, ಒಳ್ಳೆಯವನು ವರ್ಷಕ್ಕೊಂದು. ಡಿಂಗ್ ಮಾತ್ರ ಮೂಳೆಗೆ ತಾಗಿಸದೆ ಕೀಲಿನ ಸಂದಿಯಲ್ಲೇ ಅಲಗು ಆಡಿಸ್ತಾನೆ. ಹಾಗಾಗಿ 19 ವರ್ಷವಾದರೂ ಅವನ ಚಾಕು ಈಗಷ್ಟೇ ಸಾಣೆಯಿಂದ ಬಂದ ಹಾಗಿದೆಯಂತೆ. ಹರಿತ ಇರುವುದು ಬಳಸುವವನ ಕೈಯಲ್ಲಿ ಅನ್ನುವವರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಆದರೆ ಗಮನಿಸಿ. ಆ ಅಲಗನ್ನು ಮೊದಲು ಮಸೆದವನು ಯಾರು? ಕಥೆಯಲ್ಲಿ ಅವನ ಸುಳಿವೇ ಇಲ್ಲ. ಡಿಂಗ್‌ನ ಜಾಣ್ಮೆ ಹೇಳುವುದಕ್ಕೂ ಸಾಣೆಯ ಹೋಲಿಕೆಯೇ ಬೇಕಾಯ್ತು, ಸಾಣೆ ಹಿಡಿದವನು ಮಾತ್ರ ಬೇಕಾಗಲಿಲ್ಲ.

ಈಗ ಅಡುಗೆಮನೆಗೆ ಬನ್ನಿ. ಸೊಪ್ಪು ತರಕಾರಿಗೆಂದೇ ಇರುವ ಚೌಕ ಅಲಗಿನ 'ನಾಕಿರಿ', ಒಂದೇ ಬದಿ ಮಸೆದ ತೆಳು 'ಉಸುಬಾ', ಇವನ್ನು ಇಂಗಾಲದ ಉಕ್ಕಿನಲ್ಲಿ ಮಾಡಿದ್ದರೆ ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತೆ. ನಿಂಬೆಹಣ್ಣು ಕತ್ತರಿಸಿ ಹಾಗೇ ಇಟ್ಟರೆ ಕಲೆ ಬೀಳುತ್ತೆ. ಗಟ್ಟಿ ಬೀಜಕ್ಕೆ ಹೊಡೆದರೆ ಅಂಚು ಚಕ್ಕೆ ಏಳುತ್ತೆ. ಕೆಲಸ ಮುಗಿದ ತಕ್ಷಣ ತೊಳೆದು, ಒರೆಸಿ, ಒಣಗಿಸಬೇಕು. ಆಗಾಗ ನೀರಿನ ಕಲ್ಲಿನ ಮೇಲೆ ಮಸೆಯಬೇಕು. ಇದನ್ನೆಲ್ಲ ಮಾಡೋರು ಯಾರು? ಎಷ್ಟೋ ಮನೆಗಳಲ್ಲಿ ಚಾಕು ಕೊಂಡವರು ಒಬ್ಬರು, ರಾತ್ರಿ ಎಲ್ಲರೂ ಎದ್ದು ಹೋದ ಮೇಲೆ ಅದನ್ನು ಒರೆಸುವವರು ಇನ್ನೊಬ್ಬರು. ನೆಂಟರ ಎದುರು ಹೊಗಳಿಕೆ ಮಾತ್ರ ಕೊಂಡವರಿಗೆ. ಇಲ್ಲೂ ಅಲಗಿನ ಮೇಲಿನ ಹೆಸರು ಬೇರೆಯವರದೇ ಆಯ್ತು.

"ದುಡ್ಡು ಕೊಟ್ಟಾಯ್ತಲ್ಲ, ಲೆಕ್ಕ ಚುಕ್ತಾ" ಅನ್ನಬಹುದು. ಆಗಿಹೋದ ಕೆಲಸಕ್ಕೆ ಲೆಕ್ಕ ಚುಕ್ತಾ, ಒಪ್ಪೋಣ. ಆದರೆ ಹರಿತ ಅನ್ನುವುದು ಒಮ್ಮೆ ಮಾಡಿಟ್ಟರೆ ಹಾಗೇ ಉಳಿಯುವ ವಸ್ತುವಲ್ಲ. ಮೊದಲ ಮೂಲಂಗಿ ಹೆಚ್ಚುತ್ತಲೇ ಅದು ಸವೆಯೋಕೆ ಶುರು. ಅಂಗಡಿಯವನು ಮಾರಿದ್ದು ಉಕ್ಕು, ಹಿಡಿ, ಮತ್ತು ಅವತ್ತಿನ ಅಂಚು. ನಾಳೆಯ ಅಂಚನ್ನು ಇನ್ನೂ ಯಾರೂ ಮಾಡಿಲ್ಲ, ಯಾರಿಗೂ ದುಡ್ಡು ಸಂದಿಲ್ಲ. ಅದನ್ನು ದಿನಾ ಒಂದಿಷ್ಟು ದುಡಿಮೆ ಸುರಿದೇ ಉಳಿಸಿಕೊಳ್ಳಬೇಕು. ಹಾಗಾಗಿ "ನನ್ನ ಚಾಕು" ಅನ್ನುವುದಕ್ಕೆ ರಸೀದಿ ಸಾಕು, "ನನ್ನ ಹರಿತ" ಅನ್ನುವುದಕ್ಕೆ ಸಾಲದು.

ಇದರಿಂದ ಎಲ್ಲರೂ ಕಲ್ಲು ತಂದು ಮಸೆಯೋಕೆ ಕೂರಬೇಕು ಅಂತೇನಿಲ್ಲ. ನಾಲ್ಕು ಜನರ ಬುತ್ತಿ ಕಟ್ಟಿ ಬಸ್ಸು ಹಿಡಿಯಬೇಕಾದವರಿಗೆ ತುಕ್ಕು ಹಿಡಿಯದ ಸ್ಟೀಲ್ ಚಾಕುವೇ ಸರಿ. ಅದನ್ನು ಆರಿಸುವುದರಲ್ಲಿ ಯಾವ ಕೀಳೂ ಇಲ್ಲ. ಆರೈಕೆ ಬೇಡುವ ವಸ್ತುವನ್ನು ಮನೆಗೆ ತಂದು, ಆರೈಕೆಯನ್ನು ಮಾತ್ರ ಮತ್ತೊಬ್ಬರ ತಲೆಗೆ ಕಟ್ಟುವುದು ನನಗೆ ತಪ್ಪಾಗಿ ಕಾಣುತ್ತೆ. ಕೊಳ್ಳುವ ಮೊದಲು ಬೆಲೆ ಕೇಳ್ತೀವಲ್ಲ, ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದನ್ನು ರಾತ್ರಿ ಒರೆಸಿಡೋರು ಯಾರು?