ಲಸಿಕೆ ಕಾಣದ ಕರು

ನಿವೃತ್ತನಾದ ಪಶುವೈದ್ಯನಿಗೆ ಬೆಳಗಿನ ವಾಯುಸಂಚಾರವೇ ಕಚೇರಿ. ಮೊನ್ನೆ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತಿದ್ದಾಗ ನೆರೆಮನೆಯ ಮೇಷ್ಟರು, "ಡಾಕ್ಟರೇ, ನಿಮ್ಮ ಕೈಯಿಂದ ಬದುಕಿದ ದನಗಳು ಎಷ್ಟಿರಬಹುದು?" ಎಂದು ಕೇಳಿದರು. ಹೊಗಳುವುದಕ್ಕೆಂದೇ ಕೇಳಿದ ಪ್ರಶ್ನೆ. ಆದರೂ ನನಗೆ ಉತ್ತರ ಹೊಳೆಯಲಿಲ್ಲ. ಬದುಕಿದವುಗಳ ಲೆಕ್ಕ ಇಟ್ಟವರು ಯಾರು? ನನ್ನ ನೆನಪಿನಲ್ಲಿ ಉಳಿದಿರುವುವು ನಾನೇ ಆರಿಸಿ ಸಾವಿಗೆ ಕಳಿಸಿದ ಕೆಲವು ಕರುಗಳು.

ಪಟ್ಟಣದ ಓದುಗರಲ್ಲಿ ಅನೇಕರಿಗೆ ದೊಡ್ಡರೋಗದ ಹೆಸರೇ ಹೊಸದಾಗಿರಬಹುದು. ಇಂಗ್ಲಿಷಿನವರು ರಿಂಡರ್‌ಪೆಸ್ಟ್ ಎಂದು ಕರೆದದ್ದು ಇದನ್ನೇ. ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ನಿಲ್ಲದ ಭೇದಿ, ಒಂದೆರಡು ವಾರದಲ್ಲಿ ಸಾವು. 1890ರ ದಶಕದಲ್ಲಿ ಅದು ಆಫ್ರಿಕದ ಪೂರ್ವ, ದಕ್ಷಿಣ ಭಾಗಗಳಲ್ಲಿ ಹಬ್ಬಿದಾಗ ಅನೇಕ ಕಡೆ ನೂರಕ್ಕೆ ಎಂಬತ್ತು ತೊಂಬತ್ತು ದನಗಳು ಸತ್ತುವು. ದನವನ್ನೇ ನಂಬಿದ್ದ ಜನ ಹಸಿವಿನಿಂದ ಸತ್ತರು. ನಮ್ಮ ಹಳ್ಳಿಗಳಲ್ಲೂ ಅದು ಬಂತೆಂದರೆ ಕೊಟ್ಟಿಗೆ ಬರಿದು, ನೇಗಿಲು ಮೂಲೆಗೆ. ಹಿಮಾಲಯದ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಈ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸುತ್ತ ಅದರ ಉಗ್ರತೆಯನ್ನು ತಗ್ಗಿಸಿದರು. ಆ ಲಸಿಕೆ ನಾಟಿ ದನಗಳನ್ನು ಕಾಪಾಡಿತು. ಕೆಲವು ಸೂಕ್ಷ್ಮ ತಳಿಗಳಿಗೆ ಮಾತ್ರ ಲಸಿಕೆಯೇ ರೋಗವಾಯಿತು. ಆಮೇಲೆ ಕೀನ್ಯದಲ್ಲಿ ವಾಲ್ಟರ್ ಪ್ಲೌರೈಟ್ ಮತ್ತು ಸಂಗಡಿಗರು ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ವೈರಸ್ಸನ್ನು ಸುಮಾರು ತೊಂಬತ್ತು ಸಲ ಬೆಳೆಸಿ, 1960ರ ಸುಮಾರಿಗೆ ಅಪಾಯವಿಲ್ಲದ ಲಸಿಕೆ ಮಾಡಿದರು. ನಮ್ಮ ದೇಶದಲ್ಲಿ ದೊಡ್ಡರೋಗ ಕೊನೆಯದಾಗಿ ಕಂಡದ್ದು 1995ರಲ್ಲಿ. 2011ರಲ್ಲಿ ಅದು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ಹೆಮ್ಮೆಪಡಬೇಕಾದ ಕಥೆಯೇ ಸರಿ. ಆದರೆ ಲಸಿಕೆ ನಿಜವಾಗಿ ಫಲ ಕೊಡುತ್ತದೆಂದು ತಿಳಿಯುವುದು ಹೇಗೆ? 1970ರ ದಶಕದಲ್ಲಿ ನಾನಿದ್ದ ಪ್ರಯೋಗಶಾಲೆಯಲ್ಲಿ ಹೀಗೆ ಮಾಡುತ್ತಿದ್ದೆವು: ಒಂದೇ ವಯಸ್ಸಿನ ಕರುಗಳಲ್ಲಿ ಕೆಲವಕ್ಕೆ ಲಸಿಕೆ, ಎರಡಕ್ಕೆ ಏನೂ ಇಲ್ಲ. ಮೂರು ವಾರ ಕಳೆದ ಮೇಲೆ ಎಲ್ಲಕ್ಕೂ ನಿಜವಾದ ರೋಗದ ಸೂಜಿ. ಲಸಿಕೆ ಪಡೆದವು ಮೇವು ತಿನ್ನುತ್ತ ನಿಲ್ಲಬೇಕು; ಪಡೆಯದವು ಮಲಗಬೇಕು. ಅವು ಮಲಗದಿದ್ದರೆ ಪರೀಕ್ಷೆಗೆ ಅರ್ಥವೇ ಇಲ್ಲ. ಆದ್ದರಿಂದ ಆ ಎರಡು ಕರುಗಳಿಗೆ ಜ್ವರ ಏರಿದ ಬೆಳಿಗ್ಗೆ ನಮಗೆ ಸಮಾಧಾನವಾಗುತ್ತಿತ್ತು. ಜೀವ ಉಳಿಸುವ ವಿದ್ಯೆ ಕಲಿತವನು ಜ್ವರ ಬರಲೆಂದು ಹಾರೈಸುತ್ತ ಥರ್ಮಾಮೀಟರ್ ನೋಡುವುದೆಂದರೆ!

ಕರುಗಳಿಗೆ ಹುಲ್ಲು ಹಾಕುತ್ತಿದ್ದ ಮುದುಕ ಒಮ್ಮೆ ಕೇಳಿದ: "ಸ್ವಾಮಿ, ಇವಕ್ಕೆ ಯಾಕೆ ಲಸಿಕೆ ಹಾಕ್ಲಿಲ್ಲ? ಏನು ತಪ್ಪು ಮಾಡಿದ್ವು?"

"ಏನೂ ಇಲ್ಲ ಕಣಪ್ಪ. ಇದರಿಂದ ಸಾವಿರಾರು ದನ ಬದುಕ್ತವೆ."

"ಅದು ದಿಟ. ಇವಕ್ಕೆ ಗೊತ್ತಾ?" ಎಂದು ಬುಟ್ಟಿ ಎತ್ತಿಕೊಂಡು ಹೋದ.

ಪುಣ್ಯಕೋಟಿಯ ಕಥೆ ನಮಗೆಲ್ಲ ಗೊತ್ತು. ಅವಳು ಹುಲಿಗೆ ಮಾತು ಕೊಟ್ಟಿದ್ದಳು. ಆ ಮಾತಿಗಾಗಿ ಕರುವನ್ನು ಬಿಟ್ಟು ಮರಳಿದಳು. ಅದಕ್ಕೆ ತ್ಯಾಗವೆಂಬ ಹೆಸರು ಸಲ್ಲುತ್ತದೆ. ನಮ್ಮ ಕರುಗಳು ಯಾರಿಗೂ ಮಾತು ಕೊಟ್ಟಿರಲಿಲ್ಲ. ಭಾಷಣಗಳಲ್ಲಿ ಮೂಕಪ್ರಾಣಿಗಳ ತ್ಯಾಗವೆಂಬ ಮಾತು ಕೇಳಿದಾಗಲೆಲ್ಲ ನಾನು ತಲೆ ತಗ್ಗಿಸುತ್ತೇನೆ. ಕಿತ್ತುಕೊಂಡದ್ದನ್ನು ಕೊಟ್ಟರೆನ್ನುವುದು ಕಿತ್ತುಕೊಂಡವರಿಗೆ ಅನುಕೂಲವಾದ ಸುಳ್ಳು.

ಹಾಗಾದರೆ ಪರೀಕ್ಷೆಯೇ ಬೇಡವೇ? ಬೇಡವೆನ್ನುವ ಧೈರ್ಯ ನನಗಿಲ್ಲ. ಪರೀಕ್ಷಿಸದ ಲಸಿಕೆ ಹಳ್ಳಿಗೆ ಹೋದರೆ ಬಡ ರೈತನ ಒಂದೇ ಜೊತೆ ಎತ್ತು, ಅವನಿಗೂ ತಿಳಿಯದೆ, ಪರೀಕ್ಷೆಯ ಪ್ರಾಣಿಯಾಗುತ್ತದೆ. ಅಂಥ ರೋಗ ಮತ್ತೆ ಬಂದು, ಬೇರೆ ದಾರಿಯಿಲ್ಲವೆಂದಾದರೆ, ಆ ಎರಡು ಕರುಗಳನ್ನು ನಾನು ಮತ್ತೆ ಆರಿಸಿಯೇನು. ಆದರೆ ಮಾಡಬೇಕಾದ ಕೆಲಸ ಮಾಡಿದೆನೆಂದ ಮಾತ್ರಕ್ಕೆ ಋಣ ಹರಿಯುವುದಿಲ್ಲ. ಸಾವಿರದ ಲಾಭ ನಮಗೆ ಬಂತು; ಹೋದ ಒಂದು ಜೀವ ಆ ಕರುವಿಗೆ ಇದ್ದದ್ದೆಲ್ಲ.

ಸಾಲವನ್ನು ಸಾಲವೆಂದು ಒಪ್ಪಿಕೊಂಡವನು ಮುಂದಿನ ಸಲ ಕೈ ಬಿಗಿ ಹಿಡಿಯುತ್ತಾನೆ. ಎರಡು ಸಾಕಾದಲ್ಲಿ ಮೂರನೆಯದನ್ನು ಕಟ್ಟುವುದಿಲ್ಲ. ಬದುಕದೆಂದು ತಿಳಿದ ಮೇಲೆ ನರಳಲು ಬಿಡುವುದಿಲ್ಲ. ಕರುವಿಲ್ಲದೆ ತಿಳಿಯುವ ದಾರಿ ಹುಡುಕುತ್ತಾನೆ. ಗಾಜಿನ ಬಟ್ಟಲಿನ ಜೀವಕೋಶಗಳಲ್ಲಿ ಲಸಿಕೆಯ ಬಲ ಅಳೆಯುವುದು, ರಕ್ತದಲ್ಲಿನ ಪ್ರತಿಕಾಯಗಳನ್ನು ನೋಡಿ ರಕ್ಷಣೆಯನ್ನು ತಿಳಿಯುವುದು ಅಂಥ ದಾರಿಗಳೇ. ತ್ಯಾಗವೆಂದು ಕೈಮುಗಿದು ಸುಮ್ಮನಾಗುವವನಿಗೆ ಈ ಹುಡುಕಾಟದ ಅಗತ್ಯವೇ ತೋರುವುದಿಲ್ಲ.

ಮೇಷ್ಟರಿಗೆ ಇಷ್ಟೆಲ್ಲ ಹೇಳಲಿಲ್ಲ. "ಎಷ್ಟು ಬದುಕಿದವೋ ತಿಳಿಯದು ಮೇಷ್ಟರೇ. ಬದುಕದವು ಕೆಲವು ನೆನಪಿವೆ" ಎಂದೆ. ನನ್ನ ವಿನಯವೆಂದುಕೊಂಡು ಅವರು ನಕ್ಕರು.